ಹೆಣ್ಣು ನೋಡಲು ಬಂದವರಿಗೆ ಊರು ತೋರಿಸಿದ್ದು

ಪರಊರಿನವರು "ನಿಮ್ಮ ಊರು ಯಾವುದು?" ಎಂದು ಕೇಳಿದರೆ ನಾನು ಬಹಳ ವರ್ಷ "ಜಮಖಂಡಿ ಹತ್ತಿರ" ಎಂದೇ ಹೇಳುತ್ತಿದ್ದೆ. ಇದು ನಮ್ಮ ಊರಿನ ಹೆಸರಲ್ಲ, ಪಕ್ಕದ ಊರಿನ ಹೆಸರು ಎಂಬುದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಬನಹಟ್ಟಿ ಎಂದರೆ ಅವರು "ಅದೆಲ್ಲಿ ಬಂತು?" ಎನ್ನುತ್ತಾರೆ, ಆಗ ಹೇಗೂ ಜಮಖಂಡಿಯನ್ನು ಕರೆದು ತರಲೇಬೇಕು, ಮೊದಲೇ ಹೇಳಿಬಿಟ್ಟರೆ ಒಂದು ಸುತ್ತು ಉಳಿಯಿತಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಖರೆ ಹೇಳಬೇಕೆಂದರೆ ನನಗೆ ನಮ್ಮ ಊರಿನ ಬಗ್ಗೆ ಸಣ್ಣದೊಂದು ನಾಚಿಕೆ ಇತ್ತು. ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಮಾಸ್ತರ. ನೈಲ್ ನದಿ ಎಲ್ಲಿ ಹುಟ್ಟುತ್ತದೆ ಎಂಬುದನ್ನು ನಕಾಶೆಯ ಮೇಲೆ ಕೋಲಿಟ್ಟು ತೋರಿಸಬಲ್ಲೆ. ಆದರೆ ಮನೆಗೆ ಬಂದ ನೆಂಟರು "ನಿಮ್ಮ ಊರಾಗ ನೋಡುವಂಥಾದ್ದು ಏನೈತ್ರಿ?" ಎಂದರೆ ನನ್ನ ಕೋಲು ಗಾಳಿಯಲ್ಲಿ ಆಡುತ್ತಿತ್ತು.

ರಾಜಧಾನಿಯ ಪಕ್ಕದಲ್ಲಿರುವ ಸಣ್ಣ ಊರಿನ ಹಣೆಬರಹವೇ ಇಷ್ಟು. ನೋಡುವಂಥಾದ್ದನ್ನೆಲ್ಲ ರಾಜಧಾನಿ ತನ್ನ ಹತ್ತಿರ ಇಟ್ಟುಕೊಂಡಿರುತ್ತದೆ. ಜಮಖಂಡಿ ಈಗ ರಾಜಧಾನಿಯಲ್ಲ, ತಾಲೂಕು ಎಂದು ನೀವು ಹೇಳಬಹುದು. ಸಂಸ್ಥಾನ ಹೋಗಿ, ನಾವು ಮುಂಬಯಿ ಪ್ರಾಂತ ಸೇರಿ, ಅಲ್ಲಿಂದ ಮೈಸೂರು ರಾಜ್ಯಕ್ಕೆ ಬಂದು ವರ್ಷಗಳೇ ಆಗಿದ್ದವು. ಆದರೂ ನಮ್ಮ ಹಿರಿಯರ ಮಾತಿನಲ್ಲಿ ರಾಜರು ಇನ್ನೂ ಊಟಕ್ಕೆ ಎದ್ದು ಹೋದವರಂತೆ ಇದ್ದರು. ಇದಕ್ಕಿಂತ ವಿಚಿತ್ರ ನಮ್ಮ ಅವ್ವನದು. ಅವಳ ತವರು ರಬಕವಿ. ಅಲ್ಲಿಂದ ಬನಹಟ್ಟಿಗೆ ನಡೆದುಕೊಂಡು ಬಂದರೆ ಎಲಿ ಅಡಿಕಿ ಜಗಿದು ಮುಗಿಯುವುದರೊಳಗೆ ಊರು ಬರುತ್ತದೆ. ಆದರೆ ಆ ಕಾಲದಲ್ಲಿ ರಬಕವಿ ಒಬ್ಬ ರಾಜರದು, ಬನಹಟ್ಟಿ ಇನ್ನೊಬ್ಬರದು. ಹೀಗಾಗಿ ಅವ್ವ ತಾನು ಪರದೇಶಕ್ಕೆ ಕೊಟ್ಟ ಹೆಣ್ಣು ಎಂದೇ ತಿಳಿದಿದ್ದಳು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅಪ್ಪ ಮುಖ ಕಿವುಚಿದರೆ, "ನಮ್ಮ ರಾಜ್ಯದಾಗ ಹಿಂಗ ಉಣ್ತಾರ್ರಿ" ಎನ್ನುತ್ತಿದ್ದಳು. ಮುಂದೆ ಎರಡೂ ಊರಿನ ಹೆಸರು ಕೂಡಿಸಿ ನಡುವೆ ಒಂದು ಅಡ್ಡಗೀಟು ಹಾಕಿ ಒಂದೇ ಪುರಸಭೆ ಮಾಡಿದರು. ಅವ್ವ ಮಾತ್ರ ಆ ಗೀಟನ್ನು ಒಪ್ಪಲಿಲ್ಲ.

ಈಗ ಹೇಳಹೊರಟದ್ದು ನನ್ನ ತಂಗಿ ನೀಲಾಳ ಸುದ್ದಿ. ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ನೀಲಾ ಮ್ಯಾಟ್ರಿಕ್ ಮುಗಿಸಿ ಮನೆಯಲ್ಲಿದ್ದಳು. ನಮ್ಮದು ನೇಕಾರರ ಮನೆ. ಪಡಸಾಲೆಯಲ್ಲೇ ಕುಣಿ ತೋಡಿ ಮಗ್ಗ ಹೂಡಿದ್ದು. ನೇಯುವವರು ಕುಣಿಯೊಳಗೆ ಕಾಲು ಇಳಿಬಿಟ್ಟು ನೆಲದ ಮಟ್ಟಕ್ಕೆ ಕೂಡುತ್ತಾರೆ. ಅಪ್ಪನಿಗೆ ಕಣ್ಣು ಮಂಜಾದ ಮೇಲೆ ಸೀರೆಯ ದಡಿ, ಅಂದರೆ ಅಂಚು, ಎತ್ತುವ ಸೂಕ್ಷ್ಮದ ಕೆಲಸ ನೀಲಾಳದೇ ಆಯಿತು. ನಾನು ಕಲಿತವನು, ಮಗ್ಗಕ್ಕೆ ಉಪಯೋಗವಿಲ್ಲದವನು. ಲಾಳಿಯೊಳಗೆ ಕೂಡಿಸುವ ಕಂಡಿಕೆಗೆ ನೂಲು ಸುತ್ತುವುದಷ್ಟೇ ನನಗೆ ಬರುತ್ತಿತ್ತು. ಅದನ್ನೂ ಸಡಿಲ ಸುತ್ತುತ್ತೇನೆಂದು ನೀಲಾ ಬೈಯುತ್ತಿದ್ದಳು.

ಆ ವರ್ಷ ಧಾರವಾಡದ ಕಡೆಯ ಒಬ್ಬ ನಿವೃತ್ತ ಹೆಡ್‌ಮಾಸ್ತರರಿಂದ ಪತ್ರ ಬಂತು. ಅವರ ಮಗ ಮಹಾದೇವ ಬೆಂಗಳೂರಿನಲ್ಲಿ ಸರಕಾರಿ ಆಫೀಸೊಂದರಲ್ಲಿ ಕಾರಕೂನ. ಪತ್ರದ ಅಕ್ಷರ ಮುತ್ತು ಪೋಣಿಸಿದಂತಿತ್ತು. ಕನ್ಯೆಯನ್ನು ನೋಡಲು ಬರುತ್ತೇವೆ ಎಂದು ಬರೆದು ಕೆಳಗೆ, "ಅಂತೆಯೇ ತಮ್ಮ ಊರಿನ ಸುತ್ತಲಿನ ಪ್ರೇಕ್ಷಣೀಯ ಸ್ಥಳಗಳನ್ನೂ ವೀಕ್ಷಿಸುವ ಇಚ್ಛೆಯಿದೆ" ಎಂದು ಸೇರಿಸಿದ್ದರು. ಅಪ್ಪ ಅದನ್ನು ಓದಿಸಿ ಕೇಳಿ, "ಹೆಣ್ಣ ನೋಡಾಕ ಬರ್ತಾರೋ, ಊರ ತಿರಗಾಕ ಸಹಲಿಗೆ ಬರ್ತಾರೋ?" ಎಂದ. ನಾನು ಮಾತ್ರ ಆ ಒಂದು ಸಾಲಿನಿಂದ ಹುರುಪಾಗಿಬಿಟ್ಟೆ. ತಂಗಿಯ ಲಗ್ನ ನನ್ನ ಭೂಗೋಳದ ಮೇಲೆ ನಿಂತಿದೆ ಎಂದು ನನಗೆ ಅನಿಸತೊಡಗಿತು. ಬೆಂಗಳೂರಿನಲ್ಲಿ ಇರುವ ಹುಡುಗ. ನಮ್ಮ ಊರಿನ ಓಣಿ, ಮಗ್ಗದ ಖಟಪಟ, ಬಣ್ಣದ ನೀರು ಹರಿಯುವ ಗಟಾರ ಇಷ್ಟೇ ನೋಡಿದರೆ ಏನೆಂದಾನು? ಗೆಳೆಯನೊಬ್ಬನ ಜೀಪು ಗೊತ್ತು ಮಾಡಿದೆ. ಅವನೇ ಓಡಿಸುವುದೆಂದು ಮಾತಾಯಿತು. ಅವರು ಬರುವ ದಿನ ಮಗ್ಗಕ್ಕೆ ರಜೆ ಎಂದು ಘೋಷಿಸಿ, ಅದು ಕಾಣದಂತೆ ಮುಂದೆ ಒಂದು ಜಮಖಾನೆ ಇಳಿಬಿಟ್ಟೆ.

"ಮಗ್ಗಾ ಯಾಕ ಮುಚ್ಚತಿ?" ಎಂದು ನೀಲಾ ಕೇಳಿದಳು.

"ಛಲೋ ಕಾಣೂದಿಲ್ಲ."

"ನಾ ಅದರಾಗ ಅರ್ಧಾ ದಿನಾ ಕೂತಿರ್ತೇನಿ. ನಾ ಛಲೋ ಕಾಣ್ತೇನೇನು?"

ಇಂಥ ಪ್ರಶ್ನೆಗಳು ನನ್ನ ತರಗತಿಯಲ್ಲಿ ಬಂದರೆ "ಅದು ನಿಮ್ಮ ಪಠ್ಯದಾಗ ಇಲ್ಲ" ಎನ್ನುತ್ತಿದ್ದೆ. ಮನೆಯಲ್ಲಿ ಅದು ನಡೆಯಲಿಲ್ಲ. ಜಮಖಾನೆಯ ಅಂಚು ಸರಿಮಾಡಿದೆ.

ಮುಂಜಾನೆಯ ಬಸ್ಸಿಗೆ ತಂದೆ ಮಗ ಇಬ್ಬರೇ ಬಂದರು. ಹೆಡ್‌ಮಾಸ್ತರರು ಎತ್ತರದ ಆಳು, ಬಿಳಿ ಟೋಪಿ, ಕೋಟು. ನಡಿಗೆಯಲ್ಲಿ ಶಾಲೆ ತಪಾಸಣೆಗೆ ಬಂದ ಗತ್ತು. ಮಹಾದೇವ ಅವರ ಹಿಂದೆ ಚೀಲ ಹಿಡಿದುಕೊಂಡು ಬಂದ. ನಮ್ಮ ಮಠದ ಅಯ್ಯನವರು ಮಧ್ಯಾಹ್ನ ಮೂರಕ್ಕೆ ಹೆಣ್ಣು ತೋರಿಸಲು ಛಲೋ ವ್ಯಾಳೆ ಎಂದು ಹೇಳಿದ್ದರು. ಅವ್ವ ಹೋಳಿಗೆ ಮಾಡುವುದಿತ್ತು. ಉಪ್ಪಿಟ್ಟು, ಶಿರಾ ತಿಂದು ಚಹಾ ಕುಡಿದು, ಊಟದ ಹೊತ್ತಿಗೆ ಬಂದುಬಿಡುತ್ತೇವೆಂದು ಹೇಳಿ ಜೀಪು ಹತ್ತಿದೆವು.

ಮೊದಲು ಜಮಖಂಡಿ. ಗುಡ್ಡದ ಮೇಲಿನ ಅರಮನೆ ನೋಡಿ ಹೆಡ್‌ಮಾಸ್ತರರು ಟೋಪಿ ಸರಿಮಾಡಿಕೊಂಡರು. ಒಳಗೆ ಬೀಗ. ನಾವು ಸುತ್ತ ತಿರುಗಿದೆವು. ನಾನು ಸಂಸ್ಥಾನದ ಇತಿಹಾಸವನ್ನು ನನಗೆ ಗೊತ್ತಿದ್ದಷ್ಟು ಹೇಳಿದೆ, ಗೊತ್ತಿಲ್ಲದ ಕಡೆ ಧ್ವನಿ ಏರಿಸಿದೆ. ಅವರು ತಲೆದೂಗಿದರು. ಮಾಸ್ತರನಿಗೆ ಮಾಸ್ತರ ತಲೆದೂಗುವುದೆಂದರೆ ಸಣ್ಣ ಮಾತಲ್ಲ. ನಾನು ಅಲ್ಲಿಗೇ ನಿಲ್ಲಿಸಿ ಮನೆಗೆ ತಿರುಗಬೇಕಿತ್ತು. ಆದರೆ ಅವರು, "ಬೀಳಗಿ ಕಡೆ ಒಂದು ಹಳೇ ಬಾವಿ ಐತೆಂತ ಕೇಳೇನಿ. ಭಾಳ ದೂರ ಆಗ್ತೈತೇನು?" ಎಂದರು.

"ಏನ್ ದೂರ್ರಿ, ಹಿಂಗ ಹೋಗಿ ಹಂಗ ಬರೂದು" ಎಂದೆ ನಾನು. ಭೂಗೋಳದ ಮಾಸ್ತರನಾಗಿ ದೂರದ ವಿಷಯದಲ್ಲಿ ನಾನು ಆಡಿದ ಅತಿ ದೊಡ್ಡ ಸುಳ್ಳು ಅದೇ.

ಬೀಳಗಿ ಮುಟ್ಟುವುದರೊಳಗೆ ಬಿಸಿಲು ನೆತ್ತಿಗೆ ಬಂದಿತ್ತು. ಹೆಡ್‌ಮಾಸ್ತರರು ಬಾವಿಯ ಒಂದೊಂದೇ ಮೆಟ್ಟಿಲು ಇಳಿಯುತ್ತ, ಕಲ್ಲಿನ ಮೇಲೆ ಕೈಯಾಡಿಸುತ್ತ, ಕಟ್ಟಿದವರ ಕುಶಲತೆಗೆ "ಭೇಷ್, ಭೇಷ್" ಎನ್ನುತ್ತ ಕೆಳಗೆ ಹೋದರು. ಮಹಾದೇವ ಮೇಲೆ ನೆರಳಿನಲ್ಲಿ ನನ್ನ ಪಕ್ಕ ಕೂತ. ಅಷ್ಟು ಹೊತ್ತಿಗೆ ಮೊದಲ ಸಲ ಬಾಯಿ ಬಿಟ್ಟ.

"ಮಾಸ್ತರ್ರ, ನಿಮ್ಮ ತಂಗಿಯವರು ದಿನಾ ಏನ್ ಮಾಡ್ತಾರ್ರಿ?"

ನೇಯುತ್ತಾಳೆ ಎನ್ನಲು ನಾಲಿಗೆ ಏಳಲಿಲ್ಲ. "ಮ್ಯಾಟ್ರಿಕ್ ಆಗೈತ್ರಿ. ಮನ್ಯಾಗ ಅವ್ವಗ ಸಹಾಯ ಮಾಡ್ತಾಳ" ಎಂದೆ.

ಅವನು ಹೂಂ ಎಂದ. ನಾನು ಗಡಿಯಾರ ನೋಡಿದೆ. ಊಟದ ಹೊತ್ತು ಆಗಲೇ ದಾಟಿತ್ತು.

ಹಿಂದಿರುಗುವಾಗ ಮುಧೋಳದ ಹಾದಿ ಹಿಡಿದೆವು. ಮುಧೋಳಕ್ಕೆ ಹೋಗಿ ನಾಯಿ ನೋಡದೆ ಬಂದರೆ ಜನ ಏನೆಂದಾರು ಎಂದು ಹೆಡ್‌ಮಾಸ್ತರರ ಅಂಬೋಣ. ಊರ ಹೊರಗೆ ಜೀಪಿನ ಗಾಲಿ ಪಂಕ್ಚರ್ ಆಯಿತು. ಗೆಳೆಯ ಗಾಲಿ ಬಿಚ್ಚಿಕೊಂಡು ಹೋದ. ನಾವು ಖಾನಾವಳಿಯಲ್ಲಿ ರೊಟ್ಟಿ ತಿಂದೆವು. ನನಗೆ ಮನೆಯಲ್ಲಿ ಕಾಯುತ್ತಿರುವ ಹೋಳಿಗೆಯದೇ ಚಿಂತೆ. ಆಮೇಲೆ ಯಾರದೋ ಅಂಗಳದಲ್ಲಿ ಎರಡು ನಾಯಿ ತೋರಿಸಿದರು. ಬೇಟೆಗೆ, ಓಟಕ್ಕೆ ಹೆಸರಾದ ಆ ತೆಳ್ಳನೆಯ ಉದ್ದ ನಾಯಿಗಳು ಮಧ್ಯಾಹ್ನದ ನಿದ್ದೆಯಲ್ಲಿದ್ದವು. ಒಂದು ಒಂದೇ ಕಣ್ಣು ತೆರೆದು ಹೆಡ್‌ಮಾಸ್ತರರನ್ನು ನೋಡಿ ಮತ್ತೆ ಮುಚ್ಚಿತು.

ನಾವು ಬನಹಟ್ಟಿ ಸೇರಿದಾಗ ದೀಪ ಹಚ್ಚುವ ಹೊತ್ತು. ಛಲೋ ವ್ಯಾಳೆ ಮುಗಿದು ಅದಕ್ಕೂ ವಯಸ್ಸಾಗಿತ್ತು. ನಮ್ಮ ಓಣಿಗೆ ಬಂದರೆ ಎಲ್ಲರ ಮಗ್ಗ ನಿಂತಿವೆ, ಒಂದು ಮನೆಯಿಂದ ಮಾತ್ರ ಖಟ್ ಖಟ್ ಖಟ್ ಸದ್ದು. ಹತ್ತಿರ ಬಂದಂತೆ ಅದು ನಮ್ಮದೇ ಮನೆ ಎಂದು ತಿಳಿಯಿತು. ಅತಿಥಿಗಳನ್ನು ಹೊರಗೆ ಕಟ್ಟೆಯ ಮೇಲೆ ಕೂಡಿಸಿ ನಾನು ಒಳಗೆ ಓಡಿದೆ.

ಜಮಖಾನೆ ಮಡಿಸಿ ಮೂಲೆಗೆ ಇಟ್ಟಿತ್ತು. ನೀಲಾ ಹೊಸ ಸೀರೆ ಬಿಚ್ಚಿ, ದಿನದ ಸೀರೆ ಉಟ್ಟು, ಮಗ್ಗದ ಕುಣಿಯಲ್ಲಿ ಕೂತಿದ್ದಳು. ಮುಡಿಯಲ್ಲಿದ್ದ ಮಲ್ಲಿಗೆ ಬಾಡಿತ್ತು. ಅದನ್ನು ತೆಗೆಯುವುದನ್ನು ಮಾತ್ರ ಮರೆತಿದ್ದಳು. ಬೆಳಗಿನಿಂದ ಓಣಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು "ಬಂದ್ರೇನ? ಬಂದ್ರೇನ?" ಎಂದು ಕೇಳಿ, ಮೂರು ಹೊಡೆದ ಮೇಲೆ ಕೇಳುವುದನ್ನು ಬಿಟ್ಟು, ಕನಿಕರದಿಂದ ನೋಡತೊಡಗಿದ್ದರಂತೆ. ಹುಡುಗನಿಗೆ ಮನಸ್ಸಿಲ್ಲ, ಹೊರಗಿಂದ ಹೊರಗೇ ಹೋದ ಎಂದು ಒಬ್ಬಳು ಆಡಿಯೂ ಆಡಿದ್ದಳು. ಅದನ್ನೆಲ್ಲ ಅವ್ವ ನನಗೆ ಪಿಸುಮಾತಿನಲ್ಲಿ ಹೇಳಿದಳು. ಹೊರಗೆ ಹೆಡ್‌ಮಾಸ್ತರರು ಅಪ್ಪನಿಗೆ ಅರಮನೆ, ಬಾವಿ, ನಾಯಿಗಳನ್ನು ದೊಡ್ಡ ಧ್ವನಿಯಲ್ಲಿ ವರ್ಣಿಸುವುದು ಕೇಳುತ್ತಿತ್ತು.

"ನೀಲಾ, ಲಗೂನ ಸೀರಿ ಬದಲ ಮಾಡು. ಅವರು ರಾತ್ರಿ ಬಸ್ಸಿಗೆ ಹೋಗವರದಾರ" ಎಂದೆ.

ಅವಳು ಲಾಳಿ ಕೈಯಲ್ಲಿ ಹಿಡಿದು ನನ್ನ ಕಡೆ ನೋಡಿದಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

"ಅಣ್ಣಾ, ಅವರು ಅರಮನಿ ನೋಡ್ಯಾರ, ಬಾವಿ ನೋಡ್ಯಾರ, ನಾಯಿ ನೋಡ್ಯಾರ. ದಣದಾರ. ನಾನೂ ಕೂತು ಕೂತು ದಣದೇನಿ. ಇವತ್ತ ಬ್ಯಾಡ. ನನ್ನ ನೋಡೂದಿದ್ರ ನಾಳೆ ಮುಂಜಾನೆ ನೋಡ್ಲಿ. ಇಲ್ಲಂದ್ರ ಬಸ್ಸಿಗೆ ಹೋಗ್ಲಿ."

ಒಳಗೆ ಬಂದ ಅಪ್ಪನಿಗೆ ಇದು ಕೇಳಿಸಿತು. "ಏನ್ ಮಾತಾಡ್ತಿ ಬೇ? ಬಂದ ಬೀಗರಿಗೆ ಹೋಗ್ರಿ ಅನ್ನೂದೇನ?" ಎಂದು ಗದರಿದ.

ಅವ್ವ ಸೆರಗು ಬಿಗಿದುಕೊಂಡು ನಡುವೆ ಬಂದಳು. "ಇನ್ನ ಬೀಗರಾಗಿಲ್ಲ, ಯಾಕ ಒದರತೀರಿ? ನನಗಂತೂ ಯಾರೂ ಕೇಳಲಿಲ್ಲ, ಕರಕೊಂಡು ಬಂದ್ರಿ. ಆಕಿ ಒಂದು ರಾತ್ರಿ ತಡೀರಿ ಅಂತಾಳ. ತಡದ್ರ ಏನಾಗ್ತೈತಿ?"

ಅಪ್ಪ ನನ್ನ ಕಡೆ ತಿರುಗಿ, "ಊರ ತೋರಸವಾ ನೀನಲ್ಲ? ಹೋಗು, ನೀನ ಹೇಳು" ಎಂದ.

ಬಾಗಿಲಿನಿಂದ ಕಟ್ಟೆಗೆ ನಾಲ್ಕು ಹೆಜ್ಜೆ. ಬೀಳಗಿಗಿಂತ ದೂರ ಅನಿಸಿತು. ಹೇಳಿದೆ. ಹೆಡ್‌ಮಾಸ್ತರರ ಮುಖ ಗಂಟಾಯಿತು. ನಾನು ನೀಲಾಳ ಲಗ್ನವನ್ನು ನನ್ನ ಕೈಯಾರೆ ಮುರಿದೆ ಎಂದೇ ತಿಳಿದೆ. ಓಣಿಯಲ್ಲಿ, ಶಾಲೆಯಲ್ಲಿ, ನೆಂಟರಲ್ಲಿ ನಾಳೆ ಏನೇನು ಮಾತು ಬರಬಹುದೆಂಬುದೆಲ್ಲ ಒಮ್ಮೆಗೇ ಕಣ್ಣ ಮುಂದೆ ಬಂತು. ಆಗ ಮಹಾದೇವ, "ಅವರು ಹೇಳೂದು ಬರೋಬ್ಬರಿ ಐತಿ ಅಪ್ಪಾ. ತಪ್ಪು ನಮ್ಮದ. ಮುಂಜಾನಿಂದ ಕುಂಡ್ರಿಸಿದ್ವಿ" ಎಂದ. ತಂದೆ ಮಗನನ್ನು ಹೊಸದಾಗಿ ಕಂಡವರಂತೆ ನೋಡಿದರು. ಬಸ್ಸು ಹೋಯಿತು, ಅವರು ಉಳಿದರು. ತಣ್ಣಗಾದ ಹೋಳಿಗೆಗೆ ಅವ್ವ ಕಾಸಿದ ತುಪ್ಪ ಹಾಕಿದಳು.

ಮರುದಿನ ಮುಂಜಾನೆ ನೀಲಾ ಹೊಸ ಸೀರೆಯುಟ್ಟು ಬಂದು ಕೂತಳು. ಹೆಡ್‌ಮಾಸ್ತರರು ಶಾಲೆಯ ಪದ್ಧತಿಯಂತೆ ಪ್ರಶ್ನೆ ಕೇಳಿದರು.

"ಹಾಡಾಕ ಬರ್ತೈತೇನವಾ?"

"ಬರೂದಿಲ್ರಿ."

"ಕಸೂತಿ?"

"ಅಷ್ಟಕ್ಕಷ್ಟ್ರಿ."

"ಮತ್ತೇನ ಬರ್ತೈತಿ?"

"ನೇಯಾಕ ಬರ್ತೈತ್ರಿ. ಈ ಸೀರಿ ನಾನ ನೇದದ್ದು."

ಮಹಾದೇವ ತಲೆಯೆತ್ತಿ ಮೊದಲು ಸೀರೆಯನ್ನು, ಆಮೇಲೆ ನನ್ನನ್ನು ನೋಡಿದ. ನಾನು ಮಾಡಿನ ತೊಲೆ ನೋಡತೊಡಗಿದೆ. "ಮಗ್ಗಾ ನೋಡಬಹುದೇನ್ರಿ?" ಎಂದು ಅವನು ಕೇಳಿದ. ಪಡಸಾಲೆಗೆ ಹೋಗಿ ನೋಡಿ, ತಾನೂ ಒಮ್ಮೆ ಕೂತು ನೋಡಲೇ ಎಂದ. ಅಪ್ಪನಿಗೆ ಮನಸ್ಸಿರಲಿಲ್ಲ, ಅಳಿಯನಾಗುವವನಿಗೆ ಬೇಡ ಎನ್ನುವುದು ಹೇಗೆ? ಮಹಾದೇವ ಕುಣಿಯಲ್ಲಿ ಕಾಲಿಳಿಸಿ ಕೂತು, ನೀಲಾ ಹೇಳಿದಂತೆ ಹಗ್ಗ ಎಳೆದ. ಲಾಳಿ ಓಡಿತು. ಎರಡನೆಯ ಸಲವೂ ಓಡಿತು. ಅವನಿಗೆ ಹುರುಪು ಬಂತು. ಮೂರನೆಯ ಸಲ ಲಾಳಿ ಅರ್ಧದಲ್ಲೇ ಎಳೆಗಳ ನಡುವೆ ಸಿಕ್ಕಿಬಿತ್ತು. ಅವನಿಗೆ ಅದು ತಿಳಿಯಲಿಲ್ಲ. ನೂಲು ಒತ್ತಿ ಕೂಡಿಸುವ ಹಲಗೆಯನ್ನು ಜೋರಿನಿಂದ ಬಡಿದ. ಟಪಟಪಟಪ ಎಂದು ಒಂದು ಗೇಣಿನಷ್ಟು ಅಗಲಕ್ಕೆ ಹಾಸಿನ ಉದ್ದೆಳೆ ಹರಿದು ಸುರುಳಿ ಸುತ್ತಿದವು.

ಅಪ್ಪ "ಶಿವನೇ" ಎಂದು ಕಣ್ಣು ಮುಚ್ಚಿದ. ಮಹಾದೇವ ಗಾಬರಿಯಾಗಿ ಏಳಹೋದ.

"ಏಳಬ್ಯಾಡ್ರಿ" ಎಂದಳು ನೀಲಾ. "ಎದ್ರ ಇನ್ನಷ್ಟ ಹರೀತಾವು. ಅಲ್ಲೇ ಕೂಡ್ರಿ. ಈ ತುದಿ ಹಿಡೀರಿ."

ಹರಿದ ಎಳೆ ಕೂಡಿಸುವುದೆಂದರೆ ಒಂದೊಂದರ ತುದಿ ಹುಡುಕಿ, ಹಣಿಗೆಯ ಸಂದಿಯಲ್ಲಿ ಪೋಣಿಸಿ, ಹೊಸೆದು ಗಂಟು ಕಾಣದಂತೆ ಜೋಡಿಸಬೇಕು. ಅರ್ಧ ದಿನದ ಕೆಲಸ. ಹೆಡ್‌ಮಾಸ್ತರರು ಬಾಗಿಲಿನಲ್ಲಿ ನಿಂತು, "ಮಹಾದೇವಾ, ಬಸ್ಸಿನ ಹೊತ್ತಾತು" ಎಂದರು.

"ನೀವು ಹೋಗ್ರಿ ಅಪ್ಪಾ. ನಾ ಹರದದ್ದು ಕೂಡಿಸಿ ಬರ್ತೇನಿ."

ಅವರು ನನ್ನ ಕಡೆ ಬಾಗಿ ತಗ್ಗಿದ ಧ್ವನಿಯಲ್ಲಿ, "ತೇರದಾಳದಾಗ ಹಳೇ ಬಸದಿ ಐತೆಂತಲ್ರಿ. ಬಸ್ ಸಿಗ್ತೈತೇನು?" ಎಂದರು. ನನ್ನ ಕಾಲು ಆಗಲೇ ಚಪ್ಪಲಿ ಹುಡುಕುತ್ತಿತ್ತು. ಮಗ್ಗದ ಕಡೆಯಿಂದ ನೀಲಾಳ ಧ್ವನಿ ಬಂತು: "ಅಣ್ಣಾ, ನೀ ಮನ್ಯಾಗ ಇರು."

ಹೆಡ್‌ಮಾಸ್ತರರು ಒಬ್ಬರೇ ತೇರದಾಳಕ್ಕೆ ಹೋದರು. ನಾನು ಮೂಲೆಯಲ್ಲಿ ಕಂಡಿಕೆ ಸುತ್ತುತ್ತ ಕೂತೆ. ಸದ್ದಿಲ್ಲದ ಮಗ್ಗದ ಹತ್ತಿರ ಮಾತು ಎಲ್ಲ ಕೇಳುತ್ತದೆ. ಕೇಳಬಾರದೆಂದು ನಾನೇನೂ ಬಹಳ ಪ್ರಯತ್ನ ಮಾಡಲಿಲ್ಲ.

"ಬೆಂಗಳೂರಾಗ ಏನೇನ ನೋಡೀರಿ?" ನೀಲಾ ಕೇಳಿದಳು.

"ರೂಮು, ಆಫೀಸು, ನಡುವಿನ ರಸ್ತೆ."

"ಲಾಲಬಾಗ?"

"ಬರೂ ರವಿವಾರ ಹೋಗೂಣ ಅಂತ ನಾಕು ವರ್ಷ ಆತು."

"ರೂಮ ಎಷ್ಟ ದೊಡ್ಡದೈತಿ? ಒಂದ ಮಗ್ಗಾ ಹಿಡೀತೈತೇನು?"

ಅವನು ಮಗ್ಗದ ಆ ತುದಿಯಿಂದ ಈ ತುದಿಗೆ ಕಣ್ಣಾಡಿಸಿದ. "ಮಗ್ಗಾ ಇಟ್ರ ನಾವಿಬ್ರೂ ಹೊರಗ ನಿಂದ್ರಬೇಕಾಗ್ತೈತಿ."

ನೀಲಾ ನಕ್ಕಳು. ಎರಡು ದಿನದಲ್ಲಿ ಅದೇ ಮೊದಲು. ನಾಲ್ಕೈದು ಎಳೆ ಕೂಡಿದ ಮೇಲೆ ಅವಳೇ, "ನಾ ನೇಯೂದು ಬಿಡಾಂಗಿಲ್ರಿ. ಮೊದಲ ಹೇಳಿರ್ತೇನಿ" ಎಂದಳು.

ಅವನು ಕೂಡಲೇ ಹೂಂ ಎನ್ನಲಿಲ್ಲ. ಹೂಂ ಎನ್ನುವುದು ಸುಲಭವಿತ್ತು. ಕೈಯಲ್ಲಿದ್ದ ಎಳೆ ಹೊಸೆದು ಮುಗಿಸಿ, "ಅಲ್ಲಿ ಆಗೂದಿಲ್ಲ. ಈ ಕಡೆ ವರ್ಗಾ ಬೇಡಬೇಕು. ಎರಡ ಮೂರ ವರ್ಷ ಹಿಡೀಬಹುದು. ಅಲ್ಲೀತನಕ ತ್ರಾಸ ಆಗ್ತೈತಿ ನಿಮಗ" ಎಂದ.

"ಸುಳ್ಳ ಹೇಳಲಿಲ್ಲಲ್ಲ, ಅಷ್ಟಾತು" ಎಂದಳು ನೀಲಾ. ಆ ಮಾತು ನನಗೂ ಸೇರಿಸಿ ಹೇಳಿದ್ದೋ ಏನೋ. ನಾನು ಕಂಡಿಕೆ ಬಿಗಿಯಾಗಿ ಸುತ್ತಿದೆ.

ಸಂಜೆ ಹೆಡ್‌ಮಾಸ್ತರರು ಬಸದಿ ನೋಡಿ ಸಂತೋಷದಿಂದ ಬಂದಾಗ ಎಳೆ ಎಲ್ಲ ಕೂಡಿದ್ದವು. ಅವರಿಗೆ ಹೇಳಲು ಬಹಳ ಇತ್ತು, ನಮಗೆ ಹೇಳಲು ಒಂದೇ ಇತ್ತು, ಇಬ್ಬರೂ ಒಪ್ಪಿದ್ದು. ಅದನ್ನು ಕೇಳಿ ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, "ನಾ ಇಲ್ಲದಾಗ ಮಾಡೀರಿ ಅಂದ್ರ ಛಲೋನ ಆಗಿರ್ತೈತಿ ಬಿಡ್ರಿ" ಎಂದರು. ಆ ಮನುಷ್ಯನ ಮೇಲೆ ನನಗೆ ಅಂದಿನಿಂದ ಪ್ರೀತಿ.

ಆ ಬೇಸಿಗೆಯಲ್ಲೇ ಲಗ್ನವಾಯಿತು. ಕತೆಯಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ನೀಲಾ ಬೆಂಗಳೂರಿನ ಆ ಒಂದು ಕೋಣೆಯಲ್ಲಿ ಎರಡೂವರೆ ವರ್ಷ ಕಳೆದಳು. ಅವಳ ಕಾಗದಗಳು ಸಣ್ಣವಿರುತ್ತಿದ್ದವು. ಒಮ್ಮೆ "ಎಲ್ಲಾ ಛಲೋ ಐತಿ, ಕೈ ಮಾತ್ರ ಸುಮ್ಮನ ಇರ್ತಾವ" ಎಂದು ಬರೆದಿದ್ದಳು. ಅಪ್ಪ ಆ ಸಾಲನ್ನು ನನ್ನಿಂದ ಎರಡು ಸಲ ಓದಿಸಿದ. ಮಗ್ಗದ ಮೇಲೆ ತಾನೇ ತಡವರಿಸಿಕೊಂಡು ಕೂಡುತ್ತಿದ್ದ, ದಡಿ ಸೊಟ್ಟಾಗುತ್ತಿತ್ತು, ಬಿಚ್ಚುತ್ತಿದ್ದ. ಅತ್ತ ಮಹಾದೇವ ವರ್ಗಾವಣೆಗೆ ಅರ್ಜಿ ಕೊಡುತ್ತಲೇ ಇದ್ದ. ಬೆಂಗಳೂರು ಬಿಟ್ಟು ಜಮಖಂಡಿ ಬೇಕೆನ್ನುವ ಕಾರಕೂನನನ್ನು ಅವನ ಆಫೀಸು ಕಂಡಿರಲಿಲ್ಲ. ಏನೋ ತಪ್ಪು ಮಾಡಿ ಓಡಿಹೋಗುತ್ತಿದ್ದಾನೆಂದು ಕೆಲವರು ತಿಳಿದರಂತೆ. ನಾಲ್ಕನೆಯ ಅರ್ಜಿಗೆ ಹುಕುಂ ಬಂತು.

ಅವರು ನಮ್ಮ ಹಿಂದಿನ ಓಣಿಯಲ್ಲೇ ಮನೆ ಹಿಡಿದರು. ಮಹಾದೇವ ಮುಂಜಾನೆ ಬುತ್ತಿ ಕಟ್ಟಿಕೊಂಡು ಜಮಖಂಡಿಯ ಬಸ್ಸು ಹತ್ತುತ್ತಿದ್ದ, ಸಂಜೆ ಇಳಿಯುತ್ತಿದ್ದ. ಅರಮನೆಯ ಗುಡ್ಡ ಅವನಿಗೆ ದಿನವೂ ಕಾಣುತ್ತಿತ್ತು, ಮತ್ತೆ ಹತ್ತಲಿಲ್ಲ. ನೀಲಾ ಬಂದ ವಾರದಲ್ಲೇ ಮಗ್ಗ ಹೂಡಿದಳು. ಮೊದಲ ದಿನ ಅಪ್ಪ ಅಲ್ಲಿ ಹೋಗಿ ಕೂತು, ಕಣ್ಣು ಕಾಣದಿದ್ದರೂ ಸದ್ದಿನ ಮೇಲೆಯೇ, "ಹಗ್ಗಾ ಸಡ್ಲ ಆಗೈತಿ ನೋಡು" ಎಂದ. ನೀಲಾ ಬಿಗಿ ಮಾಡಿಕೊಂಡಳು.

ನಾನು ನಿವೃತ್ತನಾಗಿ ಕೆಲವು ವರ್ಷವಾಯಿತು. ಸಂಜೆ ಬಸ್ಸು ನಿಲ್ದಾಣದ ಕಡೆ ತಿರುಗಾಡಲು ಹೋದಾಗ ಹೊಸಬರು ಇಳಿದು ಅತ್ತಿತ್ತ ನೋಡುತ್ತ ನಿಂತಿರುತ್ತಾರೆ. ಊರಿನಲ್ಲಿ ನೋಡುವುದೇನಿದೆ ಎಂದು ಅವರು ಕೇಳುವ ಮೊದಲೇ ನಾನು, "ಯಾರ ಮನಿಗೆ ಬಂದೀರಿ?" ಎಂದು ಕೇಳುತ್ತೇನೆ. ಹೆಸರು ಹೇಳಿದರೆ ಅವರನ್ನು ಆ ಮನೆಯ ಬಾಗಿಲಿನತನಕ ಮುಟ್ಟಿಸಿ, ಒಳಗೆ ಹೋದದ್ದನ್ನು ನೋಡಿಕೊಂಡು ಬರುತ್ತೇನೆ. ಮನೆಯವರು ಚಹಾಕ್ಕೆ ಕರೆದರೆ ಕೂಡುವುದೂ ಉಂಟು. ಆದರೆ ಅವರನ್ನು ಮತ್ತೆ ಹೊರಗೆ ಕರೆದುಕೊಂಡು ಮಾತ್ರ ಹೋಗುವುದಿಲ್ಲ.